ನಾಯಿ ಬಿಟ್ಟ ಕೂಡಲೇ ಕುರಿ ಚೆಲ್ಲಾಪಿಲ್ಲಿ: ಎಲ್ಲಿಂದ ಸರಿಮಾಡಲಿ?

ಹುಲ್ಲುಗಾವಲು (ಕ್ಯಾಂಟರ್ಬರಿ, ನ್ಯೂಜಿಲೆಂಡ್)

ಎಲ್ಲರಿಗೂ ನಮಸ್ಕಾರ. ಕುರಿ, ನಾಯಿ ಎರಡನ್ನೂ ಬಲ್ಲವರು ಇಲ್ಲಿ ಒಂದಿಬ್ಬರಾದರೂ ಇದ್ದೀರಿ ಅಂತ ಹಳೇ ಚರ್ಚೆಗಳಿಂದ ಗೊತ್ತಾಯ್ತು, ಅದಕ್ಕೇ ಕೇಳ್ತಿದೀನಿ.

ಊರು ಮಂಡ್ಯ ಕಡೆ, ಈಗ ಇರೋದು ಕ್ಯಾಂಟರ್ಬರಿ ಬಯಲಲ್ಲಿ. ಒಂದಿಷ್ಟು ಜಾಗ ಇದೆ, ರಾಮ್ನಿ ಮಿಶ್ರತಳಿಯ ಕುರಿ ಸಾಕಿದೀನಿ. ಪಕ್ಕದ ಫಾರ್ಮಿನವರ ಹತ್ತಿರ ಒಂದು ಹೆಣ್ಣು ಹೆಡಿಂಗ್ ಡಾಗ್ ತಗೊಂಡೆ. ಇಲ್ಲಿಯ ಹೆಡಿಂಗ್ ಡಾಗ್ ಅಂದ್ರೆ ಹಿಂಡನ್ನ ಸುತ್ತಿ ತರೋ ಕುರಿನಾಯಿ, ಬಾರ್ಡರ್ ಕಾಲಿ ತಳಿಯ ದಾಯಾದಿ ಅಂದ್ಕೊಳ್ಳಿ: ಕೂದಲು ಗಿಡ್ಡ, ಕಾಲು ಉದ್ದ, ಬೊಗಳೋದಿಲ್ಲ. ಹೆಸರು ಚುಕ್ಕಿ, ವಯಸ್ಸು ಒಂದು ವರ್ಷದ ಹತ್ತಿರ.

ಮನೆ ಅಂಗಳದಲ್ಲಿ ಇವಳಷ್ಟು ಸಾಧು ಇಲ್ಲ. ಕೂರು ಅಂದ್ರೆ ಕೂರ್ತಾಳೆ, ನಿಲ್ಲು ಅಂದ್ರೆ ನಿಲ್ತಾಳೆ. ಪ್ಯಾಡಕ್ (ಕುರಿ ಮೇಯೋ ಬೇಲಿ ಹಾಕಿದ ಹೊಲ) ಗೇಟು ತೆಗೆದ ಕೂಡಲೇ ಕಿವಿ ಕೇಳಿಸೋದೇ ನಿಂತುಹೋಗುತ್ತೆ. ಬಾಣದ ಹಾಗೆ ನೇರವಾಗಿ ಹಿಂಡಿನ ಮಧ್ಯಕ್ಕೆ ನುಗ್ತಾಳೆ, ಕುರಿ ನಾಲ್ಕು ದಿಕ್ಕಿಗೆ ಓಡುತ್ತೆ, ಆಮೇಲೆ ಒಂದನ್ನೇ ಆರಿಸ್ಕೊಂಡು ಬೇಲಿವರೆಗೂ ಅಟ್ಟಿ ತೊಡೆಯ ಉಣ್ಣೆ ಕಚ್ಚಿ ಎಳೀತಾಳೆ. ಮೊನ್ನೆ ಒಂದಕ್ಕೆ ರಕ್ತ ಬಂತು. ನಾಯಿ ಕೊಟ್ಟ ಹಿರಿಯರು "ಇನ್ನೂ ಹುಡುಗಿ, ಸರಿಹೋಗ್ತಾಳೆ ಬಿಡು" ಅಂತಾರೆ. ಕುರಿ ನನ್ನದು, ಬಿಡೋಕಾಗಲ್ಲ. ಎಲ್ಲಿಂದ ಶುರು ಮಾಡ್ಲಿ?

ಕೆಂಪುಕೆಲ್ಪಿ (ವಿಕ್ಟೋರಿಯಾ, ಆಸ್ಟ್ರೇಲಿಯಾ)

ಉತ್ತರಕ್ಕೆ ಮುಂಚೆ ನಾಲ್ಕು ಪ್ರಶ್ನೆ. ಪ್ಯಾಡಕ್ ಎಷ್ಟು ದೊಡ್ಡದು? ಎಷ್ಟು ಕುರಿ ಮೇಲೆ ಬಿಡ್ತೀರಿ? ಅದರಲ್ಲಿ ಮರಿ ಇರೋ ತಾಯಿಗಳು ಇವೆಯಾ? ಕೊನೇದು, ಮುಖ್ಯವಾದ್ದು: ನಾಯಿ ಓಡೋವಾಗ ನೀವು ಎಲ್ಲಿರ್ತೀರಿ?

ಹುಲ್ಲುಗಾವಲು

ಪ್ಯಾಡಕ್ ಸುಮಾರು 5 ಎಕರೆ. ಇರೋ ಅಷ್ಟೂ ಕುರಿ ಅಲ್ಲೇ, ಮರಿ ಹಾಕಿದವೂ ಸೇರಿ. ನಾನು ಗೇಟಿನ ಹತ್ತಿರ ಇರ್ತೀನಿ, ಅವಳು ಕೇಳದೇ ಇದ್ದಾಗ ಹಿಂದೆ ಓಡ್ತೀನಿ, ಕೂಗ್ತೀನಿ.

ಕೆಂಪುಕೆಲ್ಪಿ

ಸರಿ. ನಾಯಿಯಲ್ಲಿ ಏನೂ ದೋಷ ಇಲ್ಲ. ಡಾಕ್ಟ್ರಮ್ಮ ಬಂದು ವಿವರವಾಗಿ ಹೇಳ್ತಾರೆ, ಕಾಯಿರಿ. ಅಲ್ಲೀವರೆಗೆ ಪ್ಯಾಡಕ್ಕಿಗೆ ಬಿಡಬೇಡಿ. ಅಟ್ಟೋದರ ರುಚಿ ಹತ್ತಿದ ನಾಯಿಗೆ ಪ್ರತಿ ಸಲವೂ ಅದೇ ಪಾಠ ಗಟ್ಟಿ ಆಗ್ತಾ ಹೋಗುತ್ತೆ.

ಗಡಿನಾಡ ಡಾಕ್ಟ್ರು (ಸ್ಕಾಟಿಷ್ ಬಾರ್ಡರ್ಸ್)

ಬಂದೆ ಬಂದೆ. ಮರಿ ಹಾಕಿಸೋ ಕಾಲ, ರಾತ್ರಿಯೆಲ್ಲ ಕೈ ಕುರಿಯೊಳಗೇ ಇರುತ್ತೆ, ತಡ ಆಯ್ತು.

ಹುಲ್ಲುಗಾವಲು ಅವರೇ, ನಾಯಿಗೆ ಏನು ಕಾಣ್ತಿದೆ ಅಂತ ಮೊದಲು ನೋಡಿ. ಕಾಲಿ ಜಾತಿ ನಾಯಿಯ ಆಸೆ ಒಂದೇ: ಹಿಂಡಿನ ಆಚೆ ಬದಿಗೆ ಹೋಗಿ, ತಲೆ ಕಡೆಯಿಂದ ತಡೆದು, ಅದನ್ನ ತನ್ನ ಯಜಮಾನನ ಕಡೆಗೆ ತರೋದು. ಗಡಿಯಾರದ ಮುಖ ನೆನೆಸ್ಕೊಳ್ಳಿ. ಕುರಿ ನಡುವೆ. ನೀವು 6ರಲ್ಲಿ ನಿಂತರೆ ನಾಯಿ 12ಕ್ಕೆ ಹೋಗಿ ನಿಲ್ಲಬೇಕು ಅನ್ನಿಸ್ಕೊಳ್ಳುತ್ತೆ. ಇದನ್ನೇ ಇಲ್ಲಿ ಬ್ಯಾಲೆನ್ಸ್ ಅಂತಾರೆ. ಇದನ್ನ ಯಾರೂ ಕಲಿಸಲ್ಲ, ರಕ್ತದಲ್ಲೇ ಬಂದಿರುತ್ತೆ. ಈಗ ನೀವು ಮಾಡ್ತಿರೋದು ಏನು? ಅವಳ ಹಿಂದೆ ಓಡ್ತೀರಿ. ಅವಳು 12ರಲ್ಲಿದ್ದರೆ ನೀವೂ 12ಕ್ಕೇ ಬರ್ತೀರಿ. ಕುರಿಯನ್ನ ಯಾರ ಹತ್ತಿರ ತರಬೇಕು ಆ ಹುಡುಗಿ? ಆಚೆ ಬದಿಯಲ್ಲಿ ಯಾರೂ ಇಲ್ಲ. ತರೋಕೆ ಜಾಗ ಇಲ್ಲದಿದ್ದರೆ ಉಳಿಯೋದು ಅಟ್ಟೋದು ಮಾತ್ರ.

ಇನ್ನೊಂದು, ಮರಿ ಇರೋ ತಾಯಿ ಕುರಿ ತಿರುಗಿ ನಿಂತು ನೆಲ ಒದೆಯುತ್ತೆ, ಹಾಯೋಕೆ ಬರುತ್ತೆ. ಎಳೇ ನಾಯಿ ಒಂದೋ ಹೆದರಿ ಮುಂದೆಂದೂ ಕುರಿ ಎದುರು ನಿಲ್ಲಲ್ಲ, ಇಲ್ಲವೋ ಕಚ್ಚೋದೇ ದಾರಿ ಅಂತ ಕಲಿಯುತ್ತೆ. ನಿಮ್ಮವಳು ಎರಡನೇ ದಾರಿ ಹಿಡಿದಿದ್ದಾಳೆ. ಟಗರನ್ನಂತೂ ಹತ್ತಿರಕ್ಕೇ ಸೇರಿಸಬೇಡಿ.

ಹಾಗಾದರೆ ಏನು ಮಾಡೋದು:

ನಾಯಿಗಳಿಗೆ ರೂಢಿ ಇರೋ, ವಯಸ್ಸಾದ, ಮರಿ ಇಲ್ಲದ ಕುರಿ ಆರೇಳು ಬೇರೆ ಮಾಡಿ. ಎರಡೋ ಮೂರೋ ಸಾಲದು; ಕಡಿಮೆ ಇದ್ದಷ್ಟೂ ಕುರಿಗೆ ಭಯ ಜಾಸ್ತಿ, ಓಟ ಜಾಸ್ತಿ. ನೆರೆಯವರ ಹತ್ತಿರ ಸಿಕ್ಕರೆ ಬಾಡಿಗೆಗಾದರೂ ತನ್ನಿ. ಚಿಕ್ಕ ಜಾಗ ಮಾಡ್ಕೊಳ್ಳಿ, ಆದರೆ ತೀರಾ ಇಕ್ಕಟ್ಟು ಬೇಡ: ಕುರಿಗೆ ನಾಯಿಯಿಂದ ಸರಿಯೋಕೆ ಜಾಗ ಇರಬೇಕು, ಓಡಿಹೋಗೋಕೆ ಇರಬಾರದು. ಮೂಲೆ ಇಲ್ಲದ ಹಾಗೆ ಗೇಟುಗಳನ್ನ ಅಡ್ಡ ಇಟ್ಟು ದುಂಡಗೆ ಮಾಡಿದರೆ ಇನ್ನೂ ಒಳ್ಳೇದು, ಕುರಿ ಮೂಲೆಗೆ ಅಂಟಿಕೊಳ್ಳಲ್ಲ.

ಚುಕ್ಕಿಗೆ ಉದ್ದನೆಯ ಹಗ್ಗ ಕಟ್ಟಿ, ನೆಲದ ಮೇಲೆ ಎಳೆದಾಡಲಿ. ಹಿಡಿದು ಜಗ್ಗೋಕಲ್ಲ, ಬೇಕಾದಾಗ ಕಾಲಲ್ಲಿ ತುಳಿಯೋಕೆ. ಕೈಯಲ್ಲಿ ಒಂದು ಕೋಲು, ಅದೂ ಹೊಡೆಯೋಕಲ್ಲ. ನಾಯಿ ಕುರಿಗೆ ಹತ್ತಿರ ಹತ್ತಿರ ಸುತ್ತಿದಾಗ ಅದರ ಭುಜದ ಕಡೆಗೆ ಕೋಲು ಚಾಚಿದರೆ ಹೊರಕ್ಕೆ ಬಾಗುತ್ತೆ. ಚಾಚಿ ಹಿಡಿದೇ ಇರಬೇಡಿ. ಹೊರಕ್ಕೆ ಬಾಗಿದ ಕೂಡಲೇ ಕೋಲು ಕೆಳಗೆ, ನೀವೂ ಹಿಂದೆ. ಈ ಸಡಿಲ ಬಿಡೋದು ಇದೆಯಲ್ಲ, ಅದೇ ಅವಳಿಗೆ ಸಿಗೋ ಬಹುಮಾನ. ಬಿಸ್ಕತ್ತು ಕೊಟ್ಟರೆ ಮುಖ ಕೂಡ ತಿರುಗಿಸಲ್ಲ ಈ ಜಾತಿ, ಕುರಿ ಎದುರಿಗಿದ್ದಾಗ.

ಅವಳು ಆಚೆ ಬದಿ ತಲುಪಿದ ತಕ್ಷಣ ನೀವು ಹಿಂದಕ್ಕೆ ನಡೀರಿ. ಬೆನ್ನು ಹಿಂದಾಗಿಯೇ ನಡೀರಿ, ಕುರಿ ನಿಮ್ಮ ಮೊಣಕಾಲಿಗೆ ಬಂದು ತಾಗ್ತಾ ಇರ್ಲಿ. ಸ್ವಲ್ಪ ಬಲಕ್ಕೆ ಸರೀರಿ: ನಿಮ್ಮ ಎದುರು ಉಳಿಯೋಕೆ ಅವಳು ತಾನಾಗಿ ಗಡಿಯಾರದ ಉಲ್ಟಾ ಸರಿಯುತ್ತಾಳೆ. ಎಡಕ್ಕೆ ಸರಿದರೆ ಗಡಿಯಾರದ ದಿಕ್ಕಿಗೆ. ಒಂದು ಆಜ್ಞೆಯನ್ನೂ ಕೊಡದೆ ಈ ಆಟ ಆಡಿ. ಕೆಲಸ ನಡೀತಿರೋವಾಗ ಬಾಯಿ ಮುಚ್ಕೊಂಡಿರೋದು ಹೊಸಬರಿಗೆ ಬಹಳ ಕಷ್ಟ. ನಮ್ಮ ಕಡೆಯವರಿಗಂತೂ ಇನ್ನೂ ಕಷ್ಟ.

ನಿಲ್ಲಿಸೋದನ್ನ ಯಾವಾಗ ಹೇಳ್ಕೊಡಬೇಕು? ಅವಳು 12ರಲ್ಲಿ ಇದ್ದು, ಕುರಿ ನಿಮ್ಮ ಹತ್ತಿರ ಶಾಂತವಾಗಿ ನಿಂತಿರೋವಾಗ. ಆಗ ಅವಳಿಗೆ ನಿಂತರೂ ನಷ್ಟ ಇಲ್ಲ, ಹಿಂಡು ಹಿಡಿತದಲ್ಲೇ ಇದೆ. ಕುರಿ ಓಡ್ತಿರೋವಾಗ "ನಿಲ್ಲು" ಅಂದ್ರೆ "ಕುರಿಯನ್ನ ಕಳೆದುಕೋ" ಅಂತ ಹೇಳಿದ ಹಾಗೆ. ಯಾವ ನಾಯಿ ಕೇಳುತ್ತೆ ಹೇಳಿ? ಮನೆಯಂಗಳದಲ್ಲಿ ಕಲಿತ "ನಿಲ್ಲು" ಪ್ಯಾಡಕ್ಕಿನಲ್ಲಿ ಸಾಯೋದು ಇದಕ್ಕೇ.

ಚಿಕ್ಕ ಚಿಕ್ಕ ಪಾಠ. ನಾಲಿಗೆ ನೆಲಕ್ಕೆ ತಾಗೋವರೆಗೂ ಓಡಿಸಬೇಡಿ. ಒಳ್ಳೇ ಕೆಲಸ ಆದಾಗಲೇ "ಸಾಕು ಬಾ" ಅಂತ ಕರ್ಕೊಂಡು ಹೊರಗೆ.

ಜಯನಗರ 4ನೇ ಬ್ಲಾಕ್ (ಬೆಂಗಳೂರು)

ಮೇಡಂ, ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಮನೇಲೂ ಬಾರ್ಡರ್ ಕಾಲಿ ಇದೆ, ಮೂರನೇ ಮಹಡಿ ಫ್ಲ್ಯಾಟು. ಕುರಿ ಇಲ್ಲ, ಆದರೆ ಅಪಾರ್ಟ್‌ಮೆಂಟ್ ಮಕ್ಕಳನ್ನೆಲ್ಲ ಒಂದು ಮೂಲೆಗೆ ಸೇರಿಸಿ ಹಿಮ್ಮಡಿ ಕಚ್ತಾನೆ. ಅಸೋಸಿಯೇಷನ್‌ನವರು ನೋಟಿಸ್ ಕೊಟ್ಟಿದಾರೆ 😐

ನಿರ್ವಾಹಕ

ಇದಕ್ಕೆ ಬೇರೆ ಎಳೆ ತೆರೆದರೆ ಒಳ್ಳೇದು ಸರ್. ಡಾಕ್ಟ್ರು ಇಲ್ಲೇ ಒಂದು ಮಾತು ಹೇಳೋದಾದರೆ ಅಡ್ಡಿ ಇಲ್ಲ.

ಹಾಲುಮತದ ಹುಡುಗ (ಕುಷ್ಟಗಿ)

ಎಲ್ಲಾ ಓದಿದೆ. ಭಾಳ ಚಲೋ ಬರದೀರಿ ಅಕ್ಕಾರ. ಆದ್ರ ಒಂದ್ ಮಾತ್ ಹೇಳ್ಲ್ಯಾ? ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಕುರಿ ಅದಾವ, ನಾಯಿನೂ ಅದಾವ. ಆದ್ರ ನಮ್ಮ ನಾಯಿ ಕುರಿ ಹೊಡಕೊಂಡು ಬರೂ ಕೆಲಸ ಮಾಡಂಗಿಲ್ಲ. ಅವು ಇರೂದು ತೋಳಕ್ಕ. ಗಂಗಾವತಿ ತಾಲೂಕಿನ ಬಂಕಾಪುರದಾಗ ಈಗ ತೋಳಧಾಮನ ಮಾಡ್ಯಾರ, ಅಂದ್ರ ನೋಡ್ರಿ ನಮ್ಮ ಕಡೆ ತೋಳ ಎಷ್ಟು ಖರೆ ಅಂತ. ರಾತ್ರಿ ದಡ್ಡಿ ಸುತ್ತ ಮಲಗತಾವ, ಸಪ್ಪಳ ಆದ್ರ ಬೊಗಳತಾವ. ಹಗಲಿ ಕುರಿ ಜೋಡಿ ಸುಮ್ನ ನಡೀತಾವ. ಕುರಿ ಕಡೆ ಕಣ್ಣ ಕಿಸದು ನೋಡೂ ನಾಯಿ ನಮ್ಮಲ್ಲಿ ಹುಟ್ಟಿದ್ರ ಅದನ್ನ ಇಟಗೊಳ್ಳಂಗಿಲ್ಲ.

ಕುರಿ ತಿರುಗ್ಸೂದು ಮನುಷ್ಯಾನ ಕೆಲಸ. ಒಬ್ಬಾಂವ ಮುಂದ, ಒಬ್ಬಾಂವ ಹಿಂದ. ಮುಂದಿನವ ಕೂಗು ಹಾಕ್ತಾನ, ಹಿಂದಿನವ ಕುಂಟೂ ಕುರಿ, ಮರಿ ನೋಡ್ಕೋತ ಬರ್ತಾನ. ಸುಗ್ಗಿ ಮುಗದ ಮ್ಯಾಲ ಕಾಲುವಿ ಕೆಳಗಿನ ಭತ್ತದ ಗದ್ದಿಗೆ ಹೋಗ್ತೀವಲ್ಲ, ಎರಡೂ ಕಡೆ ಬೆಳಿ ಇರ್ತೈತಿ, ನಡುವ ಬಂಡಿ ದಾರಿ. ಅಲ್ಲೆ ಒಂದ್ ಕುರಿ ಬೆಳಿಗೆ ಬಾಯಿ ಹಾಕಿದ್ರ ಹೊಲದಾಂವ ಬಡಿಗಿ ತಗೊಂಡ್ ಬರ್ತಾನ. ಹಿಂತಾ ದಾರ್‍ಯಾಗ ಕುರಿ ನಡಸಾಕ ಎಂಟ್ ವರ್ಷದ ಹುಡುಗಗ ಕಲಸ್ತೀವಿ. ಏನ್ ಕಲಸ್ತೀವಿ ಅಂದ್ರ, ಕುರಿ ಕಿವಿ ನೋಡು, ತಲಿ ನೋಡು. ತಲಿ ಎತ್ತಿದ್ರ ನೀ ನಿಲ್ಲು. ತಲಿ ಹಾಕಿ ಮೇಯಾಕ ಹತ್ತಿದ್ರ ಒಂದ್ ಹೆಜ್ಜಿ ಹಾಕು. ಮಧ್ಯಾಹ್ನ ಬಿಸಲಿಗೆ ಒಂದರ ಹೊಟ್ಟಿ ಕೆಳಗ ಒಂದು ತಲಿ ತೂರಿಸಿ ನಿಂತ ಬಿಡತಾವ, ಆಗ ಎಬ್ಬಸಬ್ಯಾಡ, ಎಬ್ಬಸಿದ್ರೂ ಏಳಂಗಿಲ್ಲ.

ಹುಲ್ಲುಗಾವಲು ಅಣ್ಣಾರಿಗೆ ನಾನ್ ಹೇಳೂದು ಇಷ್ಟ: ನಾಯಿ ಮನ್ಯಾಗ ಕಟ್ಟಿ ಒಂದ್ ವಾರ ನೀವ ನಾಯಿ ಆಗ್ರಿ.

ಗಡಿನಾಡ ಡಾಕ್ಟ್ರು

ತಮ್ಮಾ, ನಾನು ಹೇಳಬೇಕು ಅಂತಿದ್ದ ಮಾತನ್ನ ನೀನೇ ಹೇಳಿಬಿಟ್ಟೆ. ಇಲ್ಲಿ ಹೊಸಬರ ತರಬೇತಿಗೆ ಹೋದರೆ ಎಷ್ಟೋ ಕಡೆ ಮೊದಲು ನಾಯಿಗಳನ್ನ ಗಾಡಿಯಲ್ಲೇ ಬಿಡಿಸ್ತಾರೆ. ನಾಲ್ಕೈದು ಜನ ಕುರಿಗಳಾಗಬೇಕು, ಒಬ್ಬರು ನಾಯಿ, ಒಬ್ಬರು ಯಜಮಾನ. ದೊಡ್ಡ ದೊಡ್ಡವರೆಲ್ಲ ಹುಲ್ಲಲ್ಲಿ ಹಾಗೆ ಓಡಾಡೋದು ನೋಡಿದರೆ ನಗು ಬರುತ್ತೆ. ಆದರೆ ಹಿಂದಿನಿಂದ ಯಾರೋ ನೇರ ನುಗ್ಗಿದಾಗ ಬೆನ್ನಲ್ಲಿ ಏನನ್ನಿಸುತ್ತೆ ಅಂತ ಕುರಿ ಆದವರಿಗೇ ಗೊತ್ತಾಗೋದು.

ಪ್ರತಿ ಕುರಿಯ ಸುತ್ತ ಕಾಣದ ಒಂದು ಗೆರೆ ಇರುತ್ತೆ, ಫ್ಲೈಟ್ ಜೋನ್ ಅಂತಾರೆ. ಗೆರೆಯ ಹೊರಗಿದ್ದರೆ ನಿಮ್ಮನ್ನ ನೋಡುತ್ತೆ, ಗೆರೆ ತುಳಿದರೆ ಸರಿಯುತ್ತೆ, ಒಳಕ್ಕೆ ಹಾರಿದರೆ ಓಡುತ್ತೆ. ಸಾಕಿದ ಕುರಿಗೆ ಒಂದೆರಡು ಮಾರು, ಗುಡ್ಡದ ಮೇಲಿನ ಬ್ಲ್ಯಾಕ್‌ಫೇಸ್ ಕುರಿಗೆ ಅರ್ಧ ಹೊಲ. ಭುಜದ ಹಿಂದೆ ಒತ್ತಿದರೆ ಮುಂದೆ ಹೋಗುತ್ತೆ, ಭುಜ ದಾಟಿ ಮುಖದ ಕಡೆ ಬಂದರೆ ತಿರುಗುತ್ತೆ. ಕಣ್ಣು ತಲೆಯ ಪಕ್ಕದಲ್ಲಿರೋದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತೆ, ನೇರ ಹಿಂದೆ ಮಾತ್ರ ಕಾಣಲ್ಲ. ಅಲ್ಲಿಂದ ನುಗ್ಗಿದರೆ ಹಿಂಡು ಒಡೆಯುತ್ತೆ. ಒಳ್ಳೇ ನಾಯಿ ಪಿಯರ್ ಹಣ್ಣಿನ ಆಕಾರದಲ್ಲಿ ದೂರದಿಂದ ಸುತ್ತಿ ಹೋಗೋದು ಇದಕ್ಕೇ. ಹತ್ತಿರ ಹೊರಟು, ಹಿಂಡಿನ ಮಗ್ಗುಲಿಗೆ ಬಂದ ಹಾಗೆಲ್ಲ ಅಗಲವಾಗಿ, ಕುರಿ ಬೆದರದ ಹಾಗೆ ಆಚೆ ತಲುಪುತ್ತೆ.

ಕೆಂಪುಕೆಲ್ಪಿ

ಕುಷ್ಟಗಿ ತಮ್ಮ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬೇಟೆ ಅನ್ನೋದರಲ್ಲಿ ಮೆಟ್ಟಿಲುಗಳಿವೆ: ಗುರುತು ಹಿಡಿಯೋದು, ಕಣ್ಣಿಟ್ಟು ನೋಡೋದು, ಹೊಂಚಿ ಸರಿಯೋದು, ಅಟ್ಟೋದು, ಕಚ್ಚಿ ಹಿಡಿಯೋದು, ಕೊಲ್ಲೋದು. ಕಾವಲು ನಾಯಿಯಲ್ಲಿ ಇಡೀ ಏಣಿಯನ್ನೇ ಮಲಗಿಸಿದಾರೆ, ಕುರಿ ಕಂಡರೆ ಅದಕ್ಕೆ ಏನೂ ಅನ್ನಿಸಲ್ಲ. ಕಾಲಿಯಲ್ಲಿ ಮಧ್ಯದ ಮೆಟ್ಟಿಲು, ಕಣ್ಣು ಮತ್ತೆ ಹೊಂಚು, ಬೆಳೆಸಿ, ಕೊನೇ ಎರಡನ್ನ ಕುಗ್ಗಿಸಿದಾರೆ. ಕುಗ್ಗಿಸಿದಾರೆ ಅಷ್ಟೇ, ಕಿತ್ತು ಹಾಕಿಲ್ಲ. ಚುಕ್ಕಿ ಉಣ್ಣೆ ಎಳೆಯೋದು ಅದು.

ಕೆಲ್ಪಿ ಅಂದ್ರೆ ನಮ್ಮ ಆಸ್ಟ್ರೇಲಿಯಾದ ಕುರಿನಾಯಿ ತಳಿ, ಅವುಗಳದ್ದು ಮೂರನೇ ಥರ. ಕಣ್ಣು ಕಡಿಮೆ, ಓಡಾಟ ಜಾಸ್ತಿ, ಬಿಸಿಲು ತಡ್ಕೊಳ್ಳುತ್ತೆ. ಉಣ್ಣೆ ಕತ್ತರಿಸೋ ಶೆಡ್ಡಿನ ಓಣಿಯಲ್ಲಿ ಕುರಿ ಒತ್ತೊತ್ತಾಗಿ ತುಂಬಿ ಮುಂದೆ ಹೋಗದೆ ನಿಂತಾಗ, ಅವುಗಳ ಬೆನ್ನ ಮೇಲೇ ಹತ್ತಿ ಮುಂದಕ್ಕೆ ಓಡಿ, ಮತ್ತೆ ಕೆಳಗಿಳಿದು ಎದುರಿನಿಂದ ಹಿಂದಕ್ಕೆ ಬರುತ್ತೆ. ಎದುರು ನಾಯಿ ಬಂದರೆ ಕುರಿ ಅದನ್ನ ದಾಟಿ ಮುಂದೆ ಹೋಗೋಕೆ ನೋಡುತ್ತೆ, ಓಣಿ ಖಾಲಿ ಆಗುತ್ತೆ. ಕಾಸ್ಟರ್ಟನ್ ಅನ್ನೋ ಊರಿನವರು ಕೆಲ್ಪಿ ಹುಟ್ಟಿದ್ದು ನಮ್ಮಲ್ಲೇ ಅಂತ ಪ್ರತಿಮೆ ಸಮೇತ ಹಬ್ಬ ಮಾಡ್ತಾರೆ, ಈ ಕಡೆ ಬಂದರೆ ನೋಡಿ.

ಗುಂಡಿ ಒತ್ತಿ ನೋಡಿ (ಟೆಕ್ಸಾಸ್)

ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ಶಾಕ್ ಕಾಲರ್ ಹಾಕಿ. ಕುರಿ ಕಚ್ಚೋಕೆ ಹೋದಾಗ ಗುಂಡಿ ಒತ್ತಿ. ಒಂದು ವಾರದಲ್ಲಿ ಮುಗೀತು.

ಗಡಿನಾಡ ಡಾಕ್ಟ್ರು

ಖಂಡಿತ ಬೇಡ. ದಯೆಯ ಮಾತು ಪಕ್ಕಕ್ಕಿಡಿ, ಕೆಲಸಕ್ಕೇ ಆಗಲ್ಲ. ನೀವು ಗುಂಡಿ ಒತ್ತಿದ ಗಳಿಗೆಯಲ್ಲಿ ನಾಯಿಯ ಕಣ್ಣು ಯಾವುದರ ಮೇಲಿರುತ್ತೆ? ಕುರಿ ಮೇಲೆ. ನೋವು ಕುರಿಯಿಂದಲೇ ಬಂತು ಅಂದ್ಕೊಳ್ಳುತ್ತೆ. ಆಮೇಲೆ ಒಂದೋ ಕುರಿ ಹತ್ತಿರ ಹೋಗಲ್ಲ, ಇಲ್ಲ ನೋವಿನ ಸಿಟ್ಟಿಗೆ ಇನ್ನೂ ಜೋರಾಗಿ ಕಚ್ಚುತ್ತೆ. ಎರಡೂ ನೋಡಿದೀನಿ, ಎರಡನೇದಕ್ಕೆ ಹೊಲಿಗೆ ಹಾಕಿದ್ದೂ ನಾನೇ. ವೇಲ್ಸ್‌ನಲ್ಲಿ 2010ರಿಂದ ಆ ಕಾಲರ್ ಹಾಕೋದೇ ಕಾನೂನುಬಾಹಿರ.

ಗುಂಡಿ ಒತ್ತಿ ನೋಡಿ

ಇಲ್ಲಿ ಎಲ್ಲರೂ ಉಪಯೋಗಿಸ್ತಾರೆ, ನಾಯಿಗಳು ಚೆನ್ನಾಗೇ ಇವೆ.

ಕೆಂಪುಕೆಲ್ಪಿ

ಕುರಿ ಕಂಡರೆ ದೂರ ಇರಬೇಕು ಅಂತ ಸಾಕುನಾಯಿಗೆ ಕಲಿಸೋಕೆ ಉಪಯೋಗಿಸ್ತಾರೆ ಸ್ವಾಮಿ. ಇಲ್ಲಿ ಬೇಕಾಗಿರೋದು ಅದರ ಉಲ್ಟಾ.

ನಿರ್ವಾಹಕ

ಈ ವಿಷಯ ಇಲ್ಲಿಗೆ ಸಾಕು.

ಹುಲ್ಲುಗಾವಲು

ವರದಿ ಒಪ್ಪಿಸ್ತೀನಿ. ಕುಷ್ಟಗಿ ತಮ್ಮನ ಮಾತು ಕೇಳಿ ನಾನೇ ನಾಯಿ ಆದೆ. ಪಕ್ಕದ ಮನೆಯವರು ಬೇಲಿ ಆಚೆ ನಿಂತು ನೋಡಿದ್ರು, ಏನಂದ್ಕೊಂಡ್ರೋ ಗೊತ್ತಿಲ್ಲ. ಒಂದು ಕುರಿ ಇದೆ, ಕಪ್ಪು ಮೂತಿಯದು, ಯಾವಾಗಲೂ ಮೊದಲು ತಲೆ ಎತ್ತೋದು ಅದೇ. ಅದು ಯಾವ ಕಡೆ ಕಿವಿ ತಿರುಗಿಸುತ್ತೋ ಮಿಕ್ಕವೆಲ್ಲ ಆ ಕಡೆಗೇ ಹೋಗ್ತಾವೆ. ನಾನು ಗೇಟಿನ ಕಡೆಯಿಂದ ಬಂದರೆ ಬೇಗ ಸರಿಯುತ್ತೆ, ಕೊಟ್ಟಿಗೆ ಕಡೆಯಿಂದ ಬಂದರೆ ಅಲ್ಲಾಡಲ್ಲ, ಯಾಕಂದ್ರೆ ಕೊಟ್ಟಿಗೆ ಕಡೆಯಿಂದ ಮೇವು ಬರೋದು. ಇಷ್ಟು ದಿನ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ನೆರೆಯವರ ಹಳೇ ಕುರಿ ತಂದು, ಗೇಟು ಕಟ್ಟಿ ದುಂಡನೆ ಜಾಗ ಮಾಡಿ ಚುಕ್ಕಿಯನ್ನ ಬಿಟ್ಟೆ. ಮೊದಲು ಎರಡು ಸುತ್ತು ಹುಚ್ಚಾಪಟ್ಟೆ ಓಡಿದಳು. ನಾನು ಕುರಿ ಮಧ್ಯದಿಂದ ಹಿಂದಕ್ಕೆ ನಡೆಯೋಕೆ ಶುರು ಮಾಡಿದೆ ನೋಡಿ, ಅವಳ ಬಾಲ ಕೆಳಗೆ ಇಳೀತು. ಅಷ್ಟು ದಿನ ಬಾವುಟದ ಹಾಗೆ ಮೇಲಿರ್ತಿತ್ತು. ತಲೆ ತಗ್ಗಿಸಿ, ಒಂದು ಮುಂಗಾಲು ಎತ್ತಿ ಹಾಗೇ ನಿಂತಳು. ಕುರಿ ನಡ್ಕೊಂಡೇ ಬಂದ್ವು.

ಈಗ ಹೊಸ ತಾಪತ್ರಯ: ಒಂದೇ ಕಡೆ ಸುತ್ತುತಾಳೆ, ಯಾವಾಗಲೂ ಗಡಿಯಾರದ ದಿಕ್ಕಿಗೆ. ಇನ್ನೊಂದು ಕಡೆ ಕಳಿಸಿದರೆ ಕುರಿ ಮುಂದೆಯೇ ಅಡ್ಡ ಹಾದು ತನ್ನ ಇಷ್ಟದ ದಿಕ್ಕಿಗೇ ಬರ್ತಾಳೆ.

ಗಡಿನಾಡ ಡಾಕ್ಟ್ರು

ಬಾಲ ಇಳೀತಾ? ಹಾಗಾದರೆ ಆಟ ಬಿಟ್ಟು ಕೆಲಸಕ್ಕೆ ಬಂದಳು ಅಂತ ಅರ್ಥ, ಭೇಷ್.

ಒಂದು ಕಡೆಯ ಒಲವು ಬಹಳ ನಾಯಿಗಳಿಗಿದೆ, ನಮಗೆ ಬಲಗೈ ಎಡಗೈ ಇದ್ದ ಹಾಗೆ. ಬಲವಂತ ಬೇಡ, ಜಾಗ ಬದಲಿಸಿ. ನೀವು 6ರಲ್ಲಿದ್ದು ಅವಳನ್ನೂ 6ರಿಂದಲೇ ಕಳಿಸಿದರೆ ಎರಡೂ ದಾರಿ ಅವಳಿಗೆ ಒಂದೇ ದೂರ, ಇಷ್ಟದ್ದನ್ನ ಆರಿಸ್ಕೊಳ್ತಾಳೆ. ಅವಳನ್ನ 3ರ ಹತ್ತಿರ ನಿಲ್ಲಿಸಿ, ನೀವು 6ಕ್ಕೂ 9ಕ್ಕೂ ನಡುವೆ ಇರಿ. ಈಗ ನಿಮ್ಮ ಎದುರು ಬದಿಗೆ ಬರೋಕೆ ಗಡಿಯಾರದ ಉಲ್ಟಾ ದಾರಿಯೇ ಹತ್ತಿರ. ಕಾಲೆತ್ತಿದ ಕೂಡಲೇ ಆ ದಿಕ್ಕಿನ ಮಾತು ಹೇಳಿ, ಮುಂಚೆ ಅಲ್ಲ. ಅವಳು ಮಾಡ್ತಿರೋದಕ್ಕೆ ಹೆಸರಿಡ್ತೀರಿ ಅಷ್ಟೇ.

ಹುಲ್ಲುಗಾವಲು

ಆಜ್ಞೆ ಕನ್ನಡದಲ್ಲೇ ಕೊಡಬಹುದಾ? ಇಲ್ಲಿಯವರು ಕಮ್ ಬೈ, ಅವೇ ಅಂತಾರೆ, ನನಗೆ ಅವಸರದಲ್ಲಿ ಎರಡೂ ಅದಲುಬದಲಾಗುತ್ತೆ.

ಕೆಂಪುಕೆಲ್ಪಿ

ತಮಿಳಲ್ಲಿ ಬೇಕಾದರೂ ಕೊಡಿ, ನಾಯಿಗೇನು. ಕಮ್ ಬೈ ಗಡಿಯಾರದ ದಿಕ್ಕು, ಅವೇ ಉಲ್ಟಾ. ಎಡ–ಬಲ ಅಂತ ಮಾತ್ರ ಇಡಬೇಡಿ, ನಾಯಿ ನಿಮ್ಮೆದುರು ಬಂದಾಗ ಯಾರ ಎಡ ಅಂತ ನೀವೇ ತಡವರಿಸ್ತೀರಿ. ಎರಡು ಮಾತೂ ದೂರದಿಂದ ಬೇರೆ ಬೇರೆ ಕೇಳಿಸಬೇಕು. ನಮ್ಮಲ್ಲೊಬ್ಬರು ಒಂದಕ್ಕೆ "ಸುತ್ತೂ..." ಅಂತ ಎಳೀತಾರೆ, ಇನ್ನೊಂದಕ್ಕೆ "ಆಚೆ" ಅಂತ ಕಡಿದು ಹೇಳ್ತಾರೆ, ಚೆನ್ನಾಗಿ ನಡೀತಿದೆ. ಮುಂದೆ ನಾಯಿ ಮಾರೋ ಯೋಚನೆ ಇದ್ದರೆ ಮಾತ್ರ ಎಲ್ಲರೂ ಬಳಸೋದನ್ನೇ ಕಲಿಸಿ.

ದೂರದ ಕೆಲಸಕ್ಕೆ ಸಿಳ್ಳೆಯೇ. ನಾಲಿಗೆ ಮೇಲಿಟ್ಟು ಊದೋ ಮಡಿಸಿದ ತಗಡಿನ ಸಿಳ್ಳೆ ಸಿಗುತ್ತೆ. ಮೊದಲ ವಾರ ಬರೀ ಗಾಳಿ, ಆಮೇಲೆ ಮನೆಯವರಿಗೆಲ್ಲ ತಲೆನೋವು. ನಾಯಿ ಎದುರು ಕಲೀಬೇಡಿ, ಕಾರಲ್ಲಿ ಒಬ್ಬರೇ ಇರೋವಾಗ ಕಲೀರಿ. ಸಿಳ್ಳೆಯ ಅನುಕೂಲ ಏನಂದ್ರೆ ಅದರಲ್ಲಿ ನಿಮ್ಮ ಸಿಟ್ಟು ಅಷ್ಟಾಗಿ ಕೇಳಿಸಲ್ಲ.

ಜಯನಗರ 4ನೇ ಬ್ಲಾಕ್

ನನ್ನ ಪ್ರಶ್ನೆ... 🙏 ಊರಾಚೆ ಕುರಿ ಫಾರ್ಮ್ ಒಂದಿದೆ, ಭಾನುವಾರ ಕರ್ಕೊಂಡು ಹೋಗಿ ಬಿಟ್ಟರೆ ಅವನ ಆಸೆ ತೀರುತ್ತಾ?

ಗಡಿನಾಡ ಡಾಕ್ಟ್ರು

ತೀರಲ್ಲ, ಹುಟ್ಟುತ್ತೆ. ಹಿಡಿತವಿಲ್ಲದ ನಾಯಿಗೆ ಒಂದು ಭಾನುವಾರ ಕುರಿ ತೋರಿಸಿದರೆ ಸೋಮವಾರ ಬೈಕು, ಮಕ್ಕಳು, ಆಟೋ ಎಲ್ಲ ಕುರಿಯೇ. ಫಾರ್ಮಿನವರ ಕುರಿ ಗತಿಯನ್ನೂ ಯೋಚಿಸಿ. ಮಕ್ಕಳು ಓಡೋ ಜಾಗದಲ್ಲಿ ಹಗ್ಗ ಬಿಚ್ಚಬೇಡಿ, ಇದು ಮೊದಲನೇದು. ಓಡೋದನ್ನ ನೋಡಿ ತಲೆ ತಗ್ಗಿಸಿದ ಗಳಿಗೆಯಲ್ಲೇ ಕರೀರಿ, ಓಡೋಕೆ ಶುರು ಮಾಡಿದ ಮೇಲಲ್ಲ. ಮೂಸಿ ಹುಡುಕೋ ಆಟ ಕೊಡಿ, ತಲೆ ದಣಿದರೆ ಮೈ ತಾನೇ ಮಲಗುತ್ತೆ. ಚೆಂಡು ಎಸೆದು ಎಸೆದು ದಣಿಸೋದು ಬೇಡ, ಅದು ಅಟ್ಟೋದನ್ನೇ ಬೆಳೆಸುತ್ತೆ.

ಇನ್ನೊಂದು ಎಚ್ಚರಿಕೆ: ಈ ತಳಿಯಲ್ಲಿ ಕೆಲವಕ್ಕೆ ಜೋರು ಓಟದ ಮಧ್ಯೆ ಕಾಲು ತೊಡರಿ, ದಿಕ್ಕು ತಪ್ಪಿದ ಹಾಗಾಗಿ ಕುಸಿಯೋ ತೊಂದರೆ ಇದೆ, ಬಾರ್ಡರ್ ಕಾಲಿ ಕೊಲ್ಯಾಪ್ಸ್ ಅಂತ ಹೆಸರು. ಸೆಕೆಯಲ್ಲಿ ಹೆಚ್ಚು. ಅಂಥ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ, ನೆರಳು, ನೀರು, ಡಾಕ್ಟರು. ನಿಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಯಾವ ಕಾಲಿಯನ್ನೂ ಓಡಿಸಬೇಡಿ.

ಹಾಲುಮತದ ಹುಡುಗ

ಅಕ್ಕಾರ, ಅಲ್ಲೆ ನಾಯಿಗೋಳ್ದು ಸ್ಪರ್ಧಾ ಮಾಡ್ತಾರಂತಲ್ಲ, ಹೆಂಗಿರ್ತೈತಿ ಅದು? ನಮ್ಮ ಕಡೆ ಟಗರಿನ ಕಾಳಗ ಅಷ್ಟ ಗೊತ್ತು.

ಗಡಿನಾಡ ಡಾಕ್ಟ್ರು

ಬ್ರಿಟನ್ನಿನಲ್ಲಿ ದಾಖಲೆಗೆ ಸಿಗೋ ಮೊದಲ ಸ್ಪರ್ಧೆ 1873ರಲ್ಲಿ ವೇಲ್ಸ್‌ನ ಬಾಲಾ ಅನ್ನೋ ಊರಲ್ಲಿ ನಡೀತು. ಗೆದ್ದದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವ, ಅವನ ನಾಯಿ ಟ್ವೀಡ್. 1906ರಲ್ಲಿ ಅಂತಾರಾಷ್ಟ್ರೀಯ ಶೀಪ್‌ಡಾಗ್ ಸೊಸೈಟಿ ಹುಟ್ಟಿತು, ಇಲ್ಲಿಗೆ ಹತ್ತಿರದ ಹ್ಯಾಡಿಂಗ್ಟನ್‌ನಲ್ಲಿ.

ರಾಷ್ಟ್ರೀಯ ಮಟ್ಟದ ಸ್ಪರ್ಧೆಯಲ್ಲಿ ನಾಯಿ ಸುಮಾರು 400 ಗಜ ದೂರದ ಐದು ಕುರಿಗಳ ಆಚೆ ಸುತ್ತಿ ಹೋಗಬೇಕು. ಸುತ್ತಿ ಹೋಗೋದಕ್ಕೆ 20 ಅಂಕ. ಕುರಿ ಬೆದರದ ಹಾಗೆ ಕದಲಿಸೋದಕ್ಕೆ 10, ಇದೇ ಎಲ್ಲಕ್ಕಿಂತ ಸೂಕ್ಷ್ಮ, ಇಲ್ಲಿ ಕೆಟ್ಟರೆ ಮುಂದೆಲ್ಲ ಕೆಡುತ್ತೆ. ನೇರ ಗೆರೆಯಲ್ಲಿ ಯಜಮಾನನ ಹತ್ತಿರ ತರೋದಕ್ಕೆ 20. ಅವನಿಂದ ದೂರ ಗೇಟುಗಳ ಮೂಲಕ ಹೊಡೆದುಕೊಂಡು ಹೋಗೋದಕ್ಕೆ 30. ದೂರ ಹೊಡೆಯೋದು ನಾಯಿಯ ಹುಟ್ಟುಗುಣಕ್ಕೆ ವಿರುದ್ಧ, ಅದಕ್ಕೇ ಅಷ್ಟು ಅಂಕ. ಆಮೇಲೆ ಹಿಂಡಿನಿಂದ ಹೇಳಿದ ಕುರಿಗಳನ್ನ ಬೇರೆ ಮಾಡೋದು 10, ಚಿಕ್ಕ ದಡ್ಡಿಗೆ ತುಂಬೋದು 10. ದಡ್ಡಿ ಬಾಗಿಲಿಗೆ ಆರಡಿ ಹಗ್ಗ ಇರುತ್ತೆ, ಯಜಮಾನ ಅದನ್ನ ಕೈಯಿಂದ ಬಿಡೋ ಹಾಗಿಲ್ಲ. ಆರಡಿಯ ಆಚೆ ಏನೇ ಆದರೂ ನಾಯಿಯೇ ನೋಡ್ಕೋಬೇಕು. ಎಷ್ಟು ದೊಡ್ಡ ಪಳಗಿದವರೂ ಅಲ್ಲಿ ಬೆವರೋದನ್ನ ನೋಡೋಕೆ ನಾನು ಹೋಗೋದು.

ಇವತ್ತಿನ ಕಾಲಿಗಳ ವಂಶ ಹಿಡಿದು ಹಿಂದೆ ಹೋದರೆ ಎಲ್ಲರೂ ತಲುಪೋದು ಓಲ್ಡ್ ಹೆಂಪ್ ಅನ್ನೋ ಗಂಡುನಾಯಿಗೆ. 1893ರಲ್ಲಿ ನಾರ್ತಂಬರ್ಲೆಂಡಿನಲ್ಲಿ ಆಡಮ್ ಟೆಲ್ಫರ್ ಅನ್ನೋರ ಮನೆಯಲ್ಲಿ ಹುಟ್ಟಿದ್ದು. ಆಗಿನ ನಾಯಿಗಳಲ್ಲಿ ಕಚ್ಚಿ ಬೊಗಳಿ ಕೆಲಸ ಮಾಡೋವೇ ಹೆಚ್ಚು. ಇದು ಸದ್ದಿಲ್ಲದೆ ಬರೀ ಕಣ್ಣಲ್ಲೇ ಕುರಿ ಸರಿಸ್ತಿತ್ತಂತೆ.

ಹುಲ್ಲುಗಾವಲು

ಇಲ್ಲಿ ನಾಲ್ಕು ಥರದ ಸ್ಪರ್ಧೆ ಇದೆ: ಸದ್ದಿಲ್ಲದ ಹೆಡಿಂಗ್ ನಾಯಿಗಳಿಗೆ ಎರಡು, ಬೊಗಳಿ ಗುಡ್ಡ ಹತ್ತಿಸೋ ಹಂಟವೇ ನಾಯಿಗಳಿಗೆ ಎರಡು. ಹಂಟವೇ ಬೊಗಳೋದನ್ನ ಕೇಳಿದರೆ ಕಣಿವೆಯೇ ನಡುಗುತ್ತೆ. ಕುಷ್ಟಗಿ ತಮ್ಮನಿಗೆ ಅದು ಹಿಡಿಸಬಹುದು.

ಅಂದ ಹಾಗೆ ಟೆಕಾಪೊ ಸರೋವರದ ದಂಡೆಯಲ್ಲಿ ನಾಯಿಯ ಕಂಚಿನ ಪ್ರತಿಮೆ ಇದೆ, 1968ರದು. ಪ್ರವಾಸಿಗರೆಲ್ಲ ಅದು ಫ್ರೈಡೇ ಅಂತ ಫೋಟೋ ತೆಗೆಸ್ಕೊಳ್ತಾರೆ. ಫ್ರೈಡೇ ಅಂದ್ರೆ ಜೇಮ್ಸ್ ಮೆಕೆಂಜಿ ಅನ್ನೋ ಸ್ಕಾಟ್ಲೆಂಡಿನವನ ನಾಯಿ. 1855ರಲ್ಲಿ ಸಾವಿರ ಕುರಿ ಜೊತೆ ಸಿಕ್ಕಿಬಿದ್ದ, ಜೈಲಾಯ್ತು, ಮರುವರ್ಷ ಕ್ಷಮಾದಾನವೂ ಆಯ್ತು. ಅವನು ಕುರಿ ಹೊಡೆದ ಪ್ರದೇಶಕ್ಕೇ ಈಗ ಮೆಕೆಂಜಿ ಅಂತ ಹೆಸರು. ಪ್ರತಿಮೆ ಮಾತ್ರ ಫ್ರೈಡೇದಲ್ಲ, ಈ ಸೀಮೆಯ ಎಲ್ಲ ಕೆಲಸದ ನಾಯಿಗಳ ನೆನಪಿಗೆ ಇಟ್ಟದ್ದು. ಕುರಿಗಳ್ಳನ ಹೆಸರು ಜಿಲ್ಲೆಗೆ ಇಟ್ಟ ಊರು ಬೇರೆಲ್ಲಾದರೂ ಇದೆಯಾ?

ಕೆಂಪುಕೆಲ್ಪಿ

ಆಸ್ಟ್ರೇಲಿಯಾದಲ್ಲಿ ಕೇಳ್ತೀರಾ ಈ ಪ್ರಶ್ನೆ 😄

ಗಡಿನಾಡ ಡಾಕ್ಟ್ರು

ಹುಲ್ಲುಗಾವಲು ಅವರೇ, ಜಂತುಹುಳಕ್ಕೆ ಚುಕ್ಕಿಗೆ ಏನು ಕೊಡ್ತಿದೀರಿ? ನಿಮ್ಮ ದೇಶದಲ್ಲಿ ಇದರ ಬಗ್ಗೆ ಬಹಳ ಕಟ್ಟುನಿಟ್ಟು. ಕುರಿ ಮಾಂಸದಲ್ಲಿ ಗಂಟು ಕಟ್ಟೋ ಟೀನಿಯಾ ಓವಿಸ್ ಅನ್ನೋ ಲಾಡಿಹುಳ ನಾಯಿ ಹೊಟ್ಟೆಯಲ್ಲೇ ಬೆಳೆಯೋದು. ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಮಾತ್ರೆ, ಹಸಿ ಕುರಿಮಾಂಸ ಹಾಕೋದಾದರೆ ಮೈನಸ್ 10 ಡಿಗ್ರಿಯಲ್ಲಿ 10 ದಿನ ಇಟ್ಟ ಮೇಲೆಯೇ. ಕುರಿಗೆ ಐವರ್‌ಮೆಕ್ಟಿನ್ ಅನ್ನೋ ಹುಳದ ಔಷಧಿ ಕುಡಿಸಿದ ದಿನಗಳಲ್ಲಿ ಅವಳು ಹಿಕ್ಕೆ ತಿನ್ನದ ಹಾಗೆ ನೋಡ್ಕೊಳ್ಳಿ. ಕಾಲಿ ವಂಶದ ಕೆಲವು ನಾಯಿಗಳಿಗೆ ಆ ಔಷಧಿ ಮೆದುಳಿಗೆ ಹತ್ತುತ್ತೆ. ಬಾರ್ಡರ್ ಕಾಲಿಯಲ್ಲಿ ಅಪರೂಪ, ಆದರೂ.

ಹುಲ್ಲುಗಾವಲು

ಮಾತ್ರೆ ಕೊಡ್ತಿದೀನಿ. ಹಿಕ್ಕೆ ವಿಷಯ ಗೊತ್ತಿರಲಿಲ್ಲ. ಮುಂದಿನ ಗುರುವಾರ ಕುರಿಗೆ ಔಷಧಿ ಕುಡಿಸೋದಿದೆ, ಆ ವಾರ ಪಾಠಕ್ಕೆ ರಜೆ.

ಹಾಲುಮತದ ಹುಡುಗ

ಅಕ್ಕಾರ, ಇದರ ಜೋಡಿ ಒಂದ್ ಕೇಳ್ತೀನಿ. ನಮ್ಮಲ್ಲಿ ವರ್ಷಕ್ಕ ಒಂದೆರಡು ಕುರಿ ಒಂದ ಕಡೆ ಗಿರಗಿರ ತಿರಗತಾವ, ತಲಿ ವಾರಿ ಮಾಡ್ಕೊಂಡು, ಆಮ್ಯಾಲ ಮೇಯದು ಬಿಟ್ಟು ಸಾಯ್ತಾವ. ಗಾಳಿ ಬಡದೈತಿ ಅಂತಾರ ಹಿರ್‍ಯಾರು. ಅದೂ ಇದಕ್ಕ ಸಂಬಂಧ ಐತೇನು?

ಗಡಿನಾಡ ಡಾಕ್ಟ್ರು

ಇರಬಹುದು, ಬಹಳ ಮಟ್ಟಿಗೆ. ಅದೂ ನಾಯಿಯ ಲಾಡಿಹುಳವೇ, ಟೀನಿಯಾ ಮಲ್ಟಿಸೆಪ್ಸ್. ನಾಯಿ ಹೊಲದಲ್ಲಿ ಹೊಲಸು ಮಾಡುತ್ತೆ, ಹುಲ್ಲಿನ ಜೊತೆ ಮೊಟ್ಟೆ ಕುರಿ ಹೊಟ್ಟೆಗೆ ಹೋಗಿ ಮೆದುಳಲ್ಲಿ ನೀರುಗುಳ್ಳೆ ಆಗುತ್ತೆ. ಆ ಕುರಿ ಸತ್ತು, ಅದರ ತಲೆಯನ್ನ ನಾಯಿ ತಿಂದರೆ ಮತ್ತೆ ಶುರು. ತಲೆ ನಾಯಿ ಬಾಯಿಗೆ ಸಿಗದ ಹಾಗೆ ಮಾಡಿದರೆ ಸುತ್ತು ಅಲ್ಲಿಗೇ ಕಡಿಯುತ್ತೆ. ನಾಯಿಗಳಿಗೂ ಹುಳದ ಮಾತ್ರೆ ಹಾಕಿಸಬೇಕು, ಕುರಿಗೆ ಮಾತ್ರ ಹಾಕಿಸಿದರೆ ಸಾಲದು. ನಿಮ್ಮೂರ ಪಶು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಬೇರೆ ಕಾಯಿಲೆಗೂ ಹಾಗೇ ತಿರುಗೋದುಂಟು.

ಹಾಲುಮತದ ಹುಡುಗ

ಕೊಯ್ದ ಕುರಿ ತಲಿ ನಾಯಿಗೆ ಹಾಕೂ ಮಾತ ಇಲ್ಲರೀ, ತಲಿ ಮಾಂಸಕ್ಕ ಮನ್ಯಾಗ ಜಗಳ ಆಕ್ಕೈತಿ. ಸತ್ತ ಕುರಿ ಮಾತ್ರ ಹಳ್ಳದ ದಂಡಿಗೆ ಒಗೀತೀವಿ, ನಾಯಿ ಅಲ್ಲೇ ಹೋಗ್ತಾವ. ಅಪ್ಪಗ ಹೇಳಿದೆ, ಇನ್ನ ಮ್ಯಾಲ ತಗ್ಗ ತೋಡಿ ಹುಗೀಬೇಕು ಅಂತ. "ತಗ್ಗ ಯಾರ್ ತೋಡ್ತಾರ, ನೀನಾ?" ಅಂದಾ. ನಾಳೆ ಸಂತಿಗೆ ಹೋದಾಗ ಒಂದ್ ಸಲಿಕಿ ತರ್ತೀನಿ.